ಆನೇಕಲ್ ರೋಡ್ ನಿಲ್ದಾಣದ ಗೋಡೆಗೊಂದು ಫಲಕ: ರೈಲ್ವೆಯ ಹಿರಿಯ ಅಧಿಕಾರಿಗಳಿಗೂ ನನ್ನ ಸಹಪ್ರಯಾಣಿಕರಿಗೂ ಒಂದು ಬಹಿರಂಗ ಪತ್ರ

ಮಾನ್ಯರೇ,

ನಾನು ಆನೇಕಲ್ ತಾಲ್ಲೂಕಿನ ಒಂದು ಹಳ್ಳಿಯವಳು. ಬೆಂಗಳೂರಿನ ಶಾಲೆಯೊಂದರಲ್ಲಿ ಇಪ್ಪತ್ತನಾಲ್ಕು ವರ್ಷ ಕನ್ನಡ ಪಾಠ ಹೇಳಿ ನಿವೃತ್ತಳಾಗಿದ್ದೇನೆ. ಆ ಇಪ್ಪತ್ತನಾಲ್ಕು ವರ್ಷಗಳಲ್ಲಿ ಬಹುಪಾಲು ದಿನ ಆನೇಕಲ್ ರೋಡ್ ನಿಲ್ದಾಣದಲ್ಲಿ ಬೆಳಗಿನ ಪ್ಯಾಸೆಂಜರ್ ಗಾಡಿ ಹತ್ತಿ, ಸಂಜೆಯ ಗಾಡಿಯಲ್ಲಿ ಬಂದು ಅಲ್ಲೇ ಇಳಿದವಳು. ಈ ಪತ್ರದಲ್ಲಿ ನಾನು ಕೇಳಿಕೊಳ್ಳುತ್ತಿರುವುದು ಒಂದೇ ಒಂದು ಸಂಗತಿ. 2015ರ ಫೆಬ್ರವರಿ 13ರ ಬೆಳಿಗ್ಗೆ ನಮ್ಮ ನಿಲ್ದಾಣಕ್ಕೂ ಹೊಸೂರಿಗೂ ನಡುವೆ ಬೆಂಗಳೂರು–ಎರ್ನಾಕುಲಂ ಇಂಟರ್‌ಸಿಟಿ ಎಕ್ಸ್‌ಪ್ರೆಸ್ ಹಳಿ ತಪ್ಪಿ ಜನ ಸತ್ತದ್ದನ್ನು, ಅದು ಯಾಕೆ ತಪ್ಪಿತು ಎಂಬುದರ ಸಮೇತ, ಕನ್ನಡದಲ್ಲಿ ಬರೆಸಿ ನಮ್ಮ ನಿಲ್ದಾಣದ ಗೋಡೆಯ ಮೇಲೆ ಹಾಕಿಸಿ. ಪರಿಹಾರ ಕೇಳಲು ನಾನು ಬರೆಯುತ್ತಿಲ್ಲ, ಯಾರ ಮೇಲೂ ತಪ್ಪು ಹೊರಿಸಲು ಬರೆಯುತ್ತಿಲ್ಲ, ಯಾವ ಗಾಡಿಗೂ ಹೊಸ ನಿಲುಗಡೆ ಬೇಡುತ್ತಿಲ್ಲ. ನಿಲುಗಡೆ ಬೇಡುವವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ಅವರ ಅರ್ಜಿ ಬೇರೆಯಾಗಿ ಬರುತ್ತದೆ.

ಈ ನಿಲ್ದಾಣವನ್ನು ಕಿಟಕಿಯಿಂದಷ್ಟೇ ನೋಡಿದವರಿಗಾಗಿ ಎರಡು ಮಾತು ಹೇಳಬೇಕು. ಊರಿನಿಂದ ದೂರದಲ್ಲಿ ನಿಲ್ದಾಣ ಕಟ್ಟಬೇಕಾಗಿ ಬಂದಾಗ ಊರ ಹೆಸರಿಗೆ 'ರೋಡ್' ಎಂದು ಸೇರಿಸುವುದು ರೈಲ್ವೆಯ ಹಳೆಯ ಪದ್ಧತಿ; ಇಲ್ಲಿ ಇಳಿದರೆ ಊರು ಸಿಗುವುದಿಲ್ಲ, ಊರಿಗೆ ಹೋಗುವ ದಾರಿ ಸಿಗುತ್ತದೆ ಎಂಬ ಮುನ್ಸೂಚನೆ ಅದು. ನಮ್ಮದೇ ಮಾರ್ಗದಲ್ಲಿ ಬೆಳ್ಳಂದೂರು ರೋಡ್ ಕೂಡ ಇದೆ. ಆದರೆ ಅಲ್ಲೀಗ ಊರೇ ನಿಲ್ದಾಣದ ಮೈಮೇಲೆ ಬಂದು ಕುಳಿತಿದೆ. ನಮ್ಮಲ್ಲಿ ಇನ್ನೂ ಅಷ್ಟು ಆಗಿಲ್ಲ. ನನ್ನ ಬಾಲ್ಯದಲ್ಲಿ ಇದು ಮೀಟರ್ ಗೇಜ್ ಹಳಿ. ನಿಲ್ಲದೆ ಹೋಗುವ ಗಾಡಿಯ ಚಾಲಕ ಒಂದು ಕೈ ಚಾಚಿ ಬೆತ್ತದ ದೊಡ್ಡ ಬಳೆಯನ್ನು ಎತ್ತಿಕೊಳ್ಳುತ್ತಿದ್ದುದನ್ನು, ಇನ್ನೊಂದು ಬಳೆಯನ್ನು ಪ್ಲಾಟ್‌ಫಾರ್ಮಿನ ಮೇಲೆ ಎಸೆಯುತ್ತಿದ್ದುದನ್ನು ನೋಡಲು ನಾವು ಮಕ್ಕಳು ರಾಗಿ ಹೊಲದ ಬದುವಿನ ಮೇಲೆ ಓಡಿಬರುತ್ತಿದ್ದೆವು. ಆ ಬಳೆಗೆ ಕಟ್ಟಿದ ಚೀಲದಲ್ಲಿ ಟೋಕನ್ ಇರುತ್ತದೆ, ಅದು ಕೈಯಲ್ಲಿದ್ದವನಿಗಷ್ಟೇ ಮುಂದಿನ ನಿಲ್ದಾಣದವರೆಗಿನ ಹಳಿಯ ಮೇಲೆ ಹಕ್ಕು ಎಂಬುದು ಎಷ್ಟೋ ವರ್ಷಗಳ ಮೇಲೆ ತಿಳಿಯಿತು. 1990ರ ದಶಕದಲ್ಲಿ ಆ ಹಳಿ ಕಿತ್ತು ಬ್ರಾಡ್‌ಗೇಜ್ ಹಾಕಿದರು. ಬಳೆಯ ಆಟ ನಿಂತಿತು. ಆದರೆ ಕಚೇರಿಯ ಮುಂದೆ ತಂತಿಯಲ್ಲಿ ತೂಗುಹಾಕಿದ್ದ ಹಳಿಯ ತುಂಡು ಹಾಗೇ ಉಳಿಯಿತು. ಗಾಡಿ ಹಿಂದಿನ ನಿಲ್ದಾಣ ಬಿಟ್ಟಿತೆಂದರೆ ಹಳಿಯ ದಾರಿ ಬದಲಿಸುವ ಪಾಯಿಂಟ್ಸ್‌ಮನ್ ಒಂದು ಕಬ್ಬಿಣದ ಸಲಾಕೆಯಿಂದ ಅದನ್ನು ಬಾರಿಸುತ್ತಿದ್ದರು, ಟೀ ಕುಡಿಯುತ್ತ ನಿಂತವರು ಲೋಟ ಕೆಳಗಿಡುತ್ತಿದ್ದರು.

ನಮ್ಮ ಗಾಡಿಯಲ್ಲಿ ಬರುತ್ತಿದ್ದವರನ್ನು ನೆನೆದರೆ ನನಗೆ ಮೊದಲು ನೆನಪಾಗುವುದು ವಾಸನೆ. ಹೂವಿನ ಮೂಟೆಗಳನ್ನು ಬಾಗಿಲ ಬಳಿ ಒಟ್ಟುತ್ತಿದ್ದ ಹೆಂಗಸರು ಇದ್ದರು. ಅದು ಗುಲಾಬಿಯ ಕಾಲವೋ ಸೇವಂತಿಗೆಯ ಕಾಲವೋ ಎಂಬುದು ಗಾಡಿ ಹತ್ತುವ ಮೊದಲೇ ಗೊತ್ತಾಗುತ್ತಿತ್ತು. ಆನೇಕಲ್ ಪೇಟೆಯಿಂದ ರೇಷ್ಮೆ ಸೀರೆಯ ಗಂಟು ಹೊತ್ತು ಬರುತ್ತಿದ್ದ ಮಗ್ಗದವರು, ಹೀಲಲಿಗೆಯಲ್ಲಿ ಇಳಿದು ಬೊಮ್ಮಸಂದ್ರದ ಕಾರ್ಖಾನೆಗಳಿಗೆ ಓಡುತ್ತಿದ್ದ ಹುಡುಗರು, ಕಾರ್ಮೆಲರಾಂನಲ್ಲಿ ಇಳಿದು ಸರ್ಜಾಪುರ ರಸ್ತೆಯ ದೊಡ್ಡ ಕಟ್ಟಡಗಳನ್ನು ಗುಡಿಸಲು ಹೋಗುತ್ತಿದ್ದ ತಾಯಂದಿರು, ಕಂಟೋನ್ಮೆಂಟಿನವರೆಗೆ ತಿದ್ದುವ ಉತ್ತರಪತ್ರಿಕೆ ಹಿಡಿದು ಕುಳಿತಿರುತ್ತಿದ್ದ ನಾನು. 1864ರಲ್ಲಿ ಬೆಂಗಳೂರಿಗೆ ಮೊದಲ ರೈಲು ಬಂದದ್ದು ಅದೇ ಕಂಟೋನ್ಮೆಂಟಿಗೆ, ಜೋಲಾರಪೇಟೆಯ ಕಡೆಯಿಂದ. ನಮ್ಮ ಸೇಲಂ ಮಾರ್ಗ ಅದರ ಮುಂದೆ ತೀರ ಎಳೆಯದು. ಅದರ ಕಥೆ ಯಾರೂ ಬರೆದಿಡುವುದಿಲ್ಲ ಎಂಬುದಕ್ಕೆ ಅದೂ ಒಂದು ಕಾರಣವಿರಬಹುದು.

ಇನ್ನು ಆ ದಿನದ ವಿಷಯ. ಅದನ್ನು ಅರ್ಥಮಾಡಿಕೊಳ್ಳಲು ಒಂಟಿ ಹಳಿಯ ಲೆಕ್ಕ ತಿಳಿದಿರಬೇಕು. ಎದುರುಬದುರಾಗಿ ಬರುವ ಎರಡು ಗಾಡಿಗಳಲ್ಲಿ ಒಂದು ಯಾವುದಾದರೂ ನಿಲ್ದಾಣದ ಲೂಪ್ ಲೈನಿನಲ್ಲಿ, ಅಂದರೆ ಮುಖ್ಯ ಹಳಿಯಿಂದ ಕವಲೊಡೆದ ಪಕ್ಕದ ಹಳಿಯಲ್ಲಿ, ಕಾದು ನಿಂತು ಇನ್ನೊಂದಕ್ಕೆ ದಾರಿ ಬಿಡಬೇಕು. ಇದನ್ನೇ ನಾವು 'ಕ್ರಾಸಿಂಗ್' ಎನ್ನುವುದು. ಇಂಟರ್‌ಸಿಟಿ ಬೆಂಗಳೂರನ್ನು ಬೆಳಿಗ್ಗೆ 6.15ಕ್ಕೆ ಬಿಡುತ್ತಿತ್ತು, ಏಳೂವರೆಯ ಆಸುಪಾಸಿನಲ್ಲಿ ನಮ್ಮ ನಿಲ್ದಾಣವನ್ನು ನಿಲ್ಲದೆ ದಾಟುತ್ತಿತ್ತು. ನನ್ನ ಗಾಡಿ ಹೊಸೂರಿನ ಕಡೆಯಿಂದ ಬರಬೇಕಾದದ್ದು. ಇಂಟರ್‌ಸಿಟಿ ಹೊಸೂರು ಮುಟ್ಟಿದ ಮೇಲೆಯೇ ನಮ್ಮದಕ್ಕೆ ಅಲ್ಲಿಂದ ಹೊರಡುವ ಅಪ್ಪಣೆ. ಹಾಗಾಗಿ ಇಂಟರ್‌ಸಿಟಿ ನಮ್ಮ ಪಾಲಿಗೆ ಒಂದು ಗಡಿಯಾರ: ಅದು ಹಾದುಹೋಯಿತೆಂದರೆ ಇನ್ನೊಂದು ಟೀಗೆ ಹೊತ್ತಿದೆ, ಇನ್ನರ್ಧ ಗಂಟೆಯೊಳಗೆ ನಮ್ಮದು ಬರುತ್ತದೆ.

ಅಂದು ಶುಕ್ರವಾರ. ಶಿವರಾತ್ರಿಗೆ ನಾಲ್ಕೇ ದಿನ ಉಳಿದಿತ್ತು. ಚಳಿ ಹೋಗುವ ಮುನ್ನ ಒಮ್ಮೆ ತಿರುಗಿ ನೋಡುವ ದಿನಗಳು ಅವು. ಪ್ಲಾಟ್‌ಫಾರ್ಮಿನಲ್ಲಿ ಎಲ್ಲರೂ ಸೆರಗು, ಟವೆಲ್ಲು, ಸ್ವೆಟರಿನೊಳಗೆ ಮುದುರಿ ನಿಂತಿದ್ದರು. ಗಂಟೆ ಬಾರಿಸಿತು, ಡೀಸೆಲ್ ಇಂಜಿನ್ ಕಾಣಿಸಿತು, ನೀಲಿ ಬೋಗಿಗಳು ಒಂದರ ಹಿಂದೊಂದು ಹೋದವು. ವಾರಾಂತ್ಯಕ್ಕೆ ಊರಿಗೆ ಹೊರಟವರಿಂದ ಗಾಡಿ ತುಂಬಿತ್ತು. ಒಂದು ಬಾಗಿಲಲ್ಲಿ ಒಬ್ಬ ಹುಡುಗ ಹಲ್ಲುಜ್ಜುತ್ತ ನಿಂತಿದ್ದ. ಒಂದು ಕಿಟಕಿಯಲ್ಲಿ ಒಬ್ಬ ಹೆಂಗಸು ಮಡಿಲಲ್ಲಿ ಮಗುವನ್ನಿಟ್ಟುಕೊಂಡು ಡಬ್ಬಿಯ ಮುಚ್ಚಳ ತೆಗೆಯುತ್ತಿದ್ದಳು. ಇವು ಪ್ರತಿದಿನವೂ ಕಾಣುವ ಚಿತ್ರಗಳಾದ್ದರಿಂದ ಅಂದೇ ಕಂಡದ್ದು ಎಂದು ಆಣೆ ಮಾಡಿ ಹೇಳಲಾರೆ. ನೆನಪು ಮೋಸ ಮಾಡುವುದೇ ಹೀಗೆ. ಆದರೆ ಆಮೇಲಿನದರಲ್ಲಿ ಮೋಸವಿಲ್ಲ: ಎರಡನೆಯ ಸಲ ಗಂಟೆ ಬಾರಿಸಲಿಲ್ಲ. ಸಿಗ್ನಲ್ ಕೆಂಪಾಗಿಯೇ ಉಳಿಯಿತು. ಸ್ಟೇಷನ್ ಮಾಸ್ಟರ್ ಫೋನಿನ ಮುಂದೆ ಬಗ್ಗಿ ನಿಂತವರು ಮೇಲೇಳಲಿಲ್ಲ. ಹೂವಿನ ಮೂಟೆಯ ಮೇಲೆ ಕುಳಿತಿದ್ದ ಅಜ್ಜಿ, 'ಏನೋ ಕೆಟ್ಟೈತೆ, ಸಾರ್ ಮೊಕ ನೋಡು' ಎಂದರು. ಅಷ್ಟರಲ್ಲಿ ಬೈಕಿನಲ್ಲಿ ಬಂದ ನಮ್ಮೂರ ಹುಡುಗನೊಬ್ಬ ಗಾಡಿ ಆರಿಸದೆಯೇ ಕೂಗಿದ: 'ಇಂಟರ್‌ಸಿಟಿ ಬಿದ್ದೈತೆ.'

ನಾನು ಅದೇ ಬೈಕಿನ ಹಿಂದೆ ಕುಳಿತು ಹೋದೆ. ಯಾಕೆ ಹೋದೆ ಎಂದು ಇಂದಿಗೂ ಗೊತ್ತಿಲ್ಲ. ಶಾಲೆಗೆ ಹೋಗುವವಳ ಸೀರೆ, ಹೆಗಲಲ್ಲಿ ಚೀಲ, ಚೀಲದಲ್ಲಿ ಹಾಜರಿ ಪುಸ್ತಕ, ಕೆಂಪು ಪೆನ್ನು. ಒಂಬತ್ತು ಬೋಗಿಗಳು ಹಳಿ ಬಿಟ್ಟಿದ್ದವು. ಡಿ-8 ಎಂಬ ಬೋಗಿಯ ಸ್ಥಿತಿಯನ್ನು ವರ್ಣಿಸುವುದಿಲ್ಲ. ಅದರೊಳಗೆ ಪಕ್ಕದ ಬೋಗಿ ಹೊಕ್ಕಿತ್ತು ಎಂದಷ್ಟೇ ಹೇಳಿದರೆ ಸಾಕು. ಅಕ್ಕಪಕ್ಕದ ಹೊಲಗಳಿಂದ ಬಂದವರು ನಮಗಿಂತ ಮೊದಲೇ ಕೆಲಸಕ್ಕಿಳಿದಿದ್ದರು. ಮನೆಗಳಿಂದ ಏಣಿ ತಂದಿದ್ದರು, ಹಾರೆ ತಂದಿದ್ದರು, ಪಂಚೆಯ ಎರಡು ತುದಿ ಹಿಡಿದು ಜನರನ್ನು ಹೊತ್ತು ರಸ್ತೆಯವರೆಗೆ ತರುತ್ತಿದ್ದರು. ಅಲ್ಲಿ ಎಲ್ಲರಿಗೂ ಅಡ್ಡವಾದದ್ದು ಕಿಟಕಿಯ ಕಂಬಿಗಳು. ಕಳ್ಳರು ಕೈ ಹಾಕದಿರಲಿ, ಮಕ್ಕಳು ಹೊರಗೆ ಬೀಳದಿರಲಿ ಎಂದು ಹಾಕಿದ ಆ ಕಂಬಿಗಳ ಈಚೆ ನಾವು, ಆಚೆ ಅವರು. ತುರ್ತು ಕಿಟಕಿ ಯಾವುದೆಂದು ವಾಲಿದ ಬೋಗಿಯಲ್ಲಿ ಯಾರಿಗೆ ಗೊತ್ತಾಗಬೇಕು? ಗ್ರಿಲ್ ಕೆಲಸ ಮಾಡುವವರೊಬ್ಬರು ತಮ್ಮ ಅಂಗಡಿಯ ಗ್ಯಾಸ್ ಕಟರನ್ನೇ ಟೆಂಪೊದಲ್ಲಿ ಹಾಕಿಕೊಂಡು ಬಂದರು.

ನನಗೆ ಹಾರೆ ಹಿಡಿಯಲು ಬರುವುದಿಲ್ಲ. ಗಾಯಾಳುಗಳನ್ನು ಕೂರಿಸಿದ್ದ ಹುಣಸೆ ಮರದ ಕೆಳಗೆ ನೀರು ಕೊಡುತ್ತ ನಿಂತಾಗ, ಒಬ್ಬ ಯುವತಿ ನನ್ನ ಕೈ ಹಿಡಿದು ಒಂದು ಫೋನ್ ನಂಬರನ್ನು ಇಂಗ್ಲಿಷಿನಲ್ಲಿ ಎರಡು ಸಲ, ಮಲಯಾಳದಲ್ಲಿ ಒಂದು ಸಲ ಹೇಳಿದಳು. ಅವಳ ಫೋನು ಬೋಗಿಯೊಳಗೇ ಉಳಿದಿತ್ತು. ಹಾಜರಿ ಪುಸ್ತಕದ ಕೊನೆಯ ಹಾಳೆ ತೆಗೆದು ಕೆಂಪು ಪೆನ್ನಿನಲ್ಲಿ ಬರೆದುಕೊಂಡೆ. ಅದನ್ನು ನೋಡಿದ ಪಕ್ಕದವರು ತಮ್ಮದನ್ನೂ ಹೇಳಿದರು. ಆಂಬುಲೆನ್ಸುಗಳು ಬಂದು ಎಲ್ಲರನ್ನೂ ಕರೆದುಕೊಂಡು ಹೋಗುವ ಹೊತ್ತಿಗೆ ಆ ಹಾಳೆಯಲ್ಲಿ ಹತ್ತೊಂಬತ್ತು ಹೆಸರು, ಹತ್ತೊಂಬತ್ತು ನಂಬರು ಇದ್ದವು. ಒಂದು ಹೆಸರಿನ ಮುಂದೆ ಎಂಟೇ ಅಂಕಿಗಳಿವೆ. ಹೇಳುತ್ತಿದ್ದವರು ಅಲ್ಲಿಗೆ ನಿಲ್ಲಿಸಿದರು, ಅವರನ್ನು ಎತ್ತಿಕೊಂಡು ಹೋದರು. ಉಳಿದ ಹದಿನೆಂಟು ಮನೆಗಳಿಗೆ ಆ ಮಧ್ಯಾಹ್ನ ನಾನೂ ನನ್ನ ಸಹೋದ್ಯೋಗಿ ಗೆಳತಿಯೂ ಫೋನ್ ಮಾಡಿದೆವು. ಎಂಟು ಅಂಕಿಯವರು ಬದುಕಿದರೇ ಎಂಬ ಪ್ರಶ್ನೆ ನನ್ನ ಬಳಿ ಹಾಗೇ ಇದೆ.

ಸತ್ತವರು ಕನಿಷ್ಠ ಒಂಬತ್ತು ಮಂದಿ. ಗಾಯಗೊಂಡವರು ಅದಕ್ಕಿಂತ ಎಷ್ಟೋ ಪಟ್ಟು. ನಮ್ಮೂರಿನ ಒಂದು ಟೀ ಅಂಗಡಿಯಲ್ಲಿ ಒಂಬತ್ತು ಎನ್ನುತ್ತಾರೆ, ಇನ್ನೊಂದರಲ್ಲಿ ಹನ್ನೆರಡು ಎನ್ನುತ್ತಾರೆ, ಮೂರನೆಯದರಲ್ಲಿ ಐವತ್ತು ಎಂದು ಪಿಸುಗುಟ್ಟುವವರೂ ಇದ್ದಾರೆ. ಕಾರಣದ ವಿಷಯದಲ್ಲೂ ಹೀಗೇ. ಮೊದಲ ಗಂಟೆಗಳಲ್ಲಿ ಹಳಿಯ ಮೇಲೆ ಬಂಡೆಗಲ್ಲು ಬಿದ್ದಿತ್ತು ಎಂಬ ಮಾತು ಹೊರಟಿತು, ಪತ್ರಿಕೆಗಳಲ್ಲೂ ಬಂತು. ನಮ್ಮದು ಕಲ್ಲಿನ ಸೀಮೆಯಾದ್ದರಿಂದ ಜನ ಒಪ್ಪಿಕೊಂಡರು. ಆಮೇಲೆ, ಬಂಡೆಯಲ್ಲ, ಹಳಿಯೇ ತುಂಡಾಗಿತ್ತು ಎಂಬ ವಾದ ಎದ್ದಿತು. ಯಾರೋ ಬೇಕೆಂದೇ ಮಾಡಿದ್ದು ಎನ್ನುವವರಿಗೂ ಕೊರತೆ ಇಲ್ಲ. ಹತ್ತು ವರ್ಷ ದಾಟಿದ ಮೇಲೂ ಈ ಮೂರು ಪಕ್ಷಗಳು ನಮ್ಮಲ್ಲಿ ಹಾಗೇ ಇವೆ, ಚುನಾವಣೆಯ ಪಕ್ಷಗಳಿಗಿಂತ ಗಟ್ಟಿಯಾಗಿ.

ಹಳಿ ಹೇಗೆ ತುಂಡಾದೀತು ಎಂಬುದನ್ನು ನನಗೆ ಬಿಡಿಸಿ ಹೇಳಿದವರು ನಮ್ಮ ಕಡೆ ಕೀಮನ್ ಆಗಿ ಕೆಲಸ ಮಾಡಿ ನಿವೃತ್ತರಾದ ಹಿರಿಯರೊಬ್ಬರು. ಕೀಮನ್ ಎಂದರೆ ದಿನವೂ ತನ್ನ ಪಾಲಿನ ಹಳಿಯುದ್ದಕ್ಕೂ ನಡೆದು, ಕಳಚಿದ ಕ್ಲಿಪ್ಪುಗಳನ್ನು ಸುತ್ತಿಗೆಯಿಂದ ಬಡಿದು ಕೂರಿಸುವವನು. ಕೆಂಪು ಹಸಿರು ಬಾವುಟ, ಡೆಟೊನೇಟರ್ ಎಂಬ ಪಟಾಕಿ ಅವನ ಚೀಲದಲ್ಲಿರುತ್ತವೆ. ಅವರು ಹೇಳಿದ್ದು ಇಷ್ಟು: 'ಹಳಿ ಅಂದ್ರೆ ಜೀವ ಇದ್ದಂಗೆ ಟೀಚರಮ್ಮ. ಬಿಸ್ಲಿಗೆ ಮೈ ಚಾಚ್ತೈತೆ, ಚಳೀಗೆ ಮುದುರ್ಕೊತೈತೆ. ಮುಂಚೆ ತುಂಡು ತುಂಡಾಗಿ ಇತ್ತು, ಸಂದಿ ಇತ್ತು, ಚಾಚೋಕೆ ಜಾಗ ಇತ್ತು. ಈಗ ಬೆಸೆದುಬಿಟ್ಟವ್ರೆ.' ಹದಿಮೂರು ಮೀಟರಿನ ಹಳಿಗಳನ್ನು ಕಬ್ಬಿಣದ ಪಟ್ಟಿಯಿಂದ, ಅಂದರೆ ಫಿಶ್‌ಪ್ಲೇಟಿನಿಂದ ಜೋಡಿಸುತ್ತಿದ್ದ ಕಾಲದಲ್ಲಿ ಗಾಲಿ ಸಂದಿಗೆ ಬಿದ್ದು ಏಳುವ ಸದ್ದೇ ನಮ್ಮ ಬಾಲ್ಯದ ರೈಲಿನ ಸದ್ದು. ಬೆಸೆದ ಉದ್ದ ಹಳಿಯಲ್ಲಿ ಆ ಸದ್ದೂ ಇಲ್ಲ, ಪ್ರಯಾಣವೂ ಸುಖ. ಆದರೆ ಚಳಿಯ ನಸುಕಿನಲ್ಲಿ ಕುಗ್ಗಲು ಹವಣಿಸುವ ಉಕ್ಕಿಗೆ ಎಲ್ಲೂ ಜಾಗ ಸಿಗದೆ ಅದು ತನ್ನನ್ನೇ ಎಳೆಯುತ್ತದೆ, ಬೆಸುಗೆಯಲ್ಲೋ ಉಕ್ಕಿನಲ್ಲೋ ಒಳಗಿಂದೊಳಗೇ ಕೂದಲೆಳೆಯಷ್ಟು ಬಿರುಕಿದ್ದರೆ ಬಿಡುವುದು ಅಲ್ಲಿಂದಲೇ. ಅದನ್ನು ಕಣ್ಣಿನಿಂದ ಕಾಣಲಾಗದು ಎಂದೇ ಕಿವಿಗೆ ಕೇಳದ ಶ್ರವಣಾತೀತ ತರಂಗಗಳನ್ನು ಹಾಯಿಸಿ ಹಳಿಯನ್ನು ಪರೀಕ್ಷಿಸುವ ಯಂತ್ರವಿದೆ, ಚಳಿಗಾಲದ ರಾತ್ರಿ ಗಸ್ತು ಇದೆ. ಆ ಹಿರಿಯರು ಸುತ್ತಿಗೆಯಿಂದ ತಟ್ಟಿ ಸದ್ದಿನಲ್ಲೇ ಹೇಳಬಲ್ಲವರು. ಸರಿ ಇರುವ ಹಳಿ ಗಂಟೆಯಂತೆ, ಸೀಳಿದ್ದು ಒಡಕು ಮಡಕೆಯಂತೆ. ನಾನು ಇದನ್ನು ಬರೆಯುತ್ತಿರುವುದು ಅಂದು ನಡೆದದ್ದು ಇದೇ ಎಂದು ಸಾಧಿಸಲಿಕ್ಕಲ್ಲ. ತಿಳಿಸಿ ಹೇಳಿದರೆ ನಮ್ಮಂಥವರಿಗೂ ಅರ್ಥವಾಗುತ್ತದೆ, ಆದ್ದರಿಂದ ತಿಳಿಸಿ ಹೇಳಿ ಎಂಬುದಕ್ಕೆ.

ಬೋಗಿಗಳ ವಿಷಯವೂ ಹಾಗೇ. ಅಂದಿನ ನೀಲಿ ಬೋಗಿಗಳು ಹಳೆಯ ಮಾದರಿಯವು. ಸ್ಕ್ರೂ ಕೊಂಡಿಯಿಂದ ಜೋಡಿಸಿದ ಅಂಥ ಬೋಗಿಗಳು ಪೆಟ್ಟು ಬಿದ್ದಾಗ ಒಂದರ ಮೇಲೊಂದು ಏರುತ್ತವೆ, ಒಂದರೊಳಗೊಂದು ಹೊಗುತ್ತವೆ. ಎಲ್‌ಎಚ್‌ಬಿ ಎಂದು ಕರೆಯುವ ಈಗಿನ ಬೋಗಿಗಳ ನಡುಕೊಂಡಿ ಅದನ್ನು ಬಹುಮಟ್ಟಿಗೆ ತಡೆಯುತ್ತದೆ. ಚೆನ್ನೈನ ಕಾರ್ಖಾನೆ ಹಳೆಯ ಮಾದರಿಯ ತಯಾರಿಕೆಯನ್ನು 2018ರಲ್ಲಿ ನಿಲ್ಲಿಸಿತು. ಇದೊಂದು ಒಳ್ಳೆಯ ಸುದ್ದಿ. ಡಿ-8ರ ಪಕ್ಕದಲ್ಲಿ ನಿಂತಿದ್ದ ನಮ್ಮೂರಿನವರಿಗೆ ಈ ಸುದ್ದಿಯನ್ನು ಯಾರೂ ಹೇಳಿಲ್ಲ.

ಅಪಘಾತವಾಗಿ ಕೆಲವು ವರ್ಷಗಳ ಮೇಲೆ ಒಂದು ಕಚೇರಿಗೆ ಹೋಗಿ, ವಿಚಾರಣೆಯಲ್ಲಿ ಕೊನೆಗೆ ಏನು ತೀರ್ಮಾನವಾಯಿತು ಎಂದು ಕೇಳಿದೆ. ಅಲ್ಲಿದ್ದವರು ಮರ್ಯಾದೆಯಿಂದಲೇ ಮಾತಾಡಿಸಿದರು, ಕುರ್ಚಿ ಕೊಟ್ಟರು. 'ನಿಮ್ಮವರು ಯಾರಾದ್ರೂ ಹೋಗಿದ್ರಾಮ್ಮ?' ಎಂದು ಕೇಳಿದರು. ಇಲ್ಲ ಎಂದೆ. 'ಮತ್ತೆ ನಿಮಗ್ಯಾಕೆ ಅದು?' ಆ ಪ್ರಶ್ನೆಗೆ ಅಲ್ಲಿ ಉತ್ತರ ಹೊಳೆಯಲಿಲ್ಲ. ಈ ಪತ್ರವನ್ನು ಅದಕ್ಕೆ ತಡವಾಗಿ ಕೊಟ್ಟ ಉತ್ತರವೆಂದು ತಿಳಿಯಬಹುದು. ನಮ್ಮ ದೇಶದಲ್ಲಿ ದೊಡ್ಡ ರೈಲು ಅಪಘಾತಗಳ ವಿಚಾರಣೆ ನಡೆಸುವ ರೈಲ್ವೆ ಸುರಕ್ಷತಾ ಆಯುಕ್ತರು ರೈಲ್ವೆ ಸಚಿವಾಲಯದ ಕೈಕೆಳಗಿನವರಲ್ಲ, ನಾಗರಿಕ ವಿಮಾನಯಾನ ಸಚಿವಾಲಯದ ಅಡಿಯಲ್ಲಿ ಬರುವವರು. ಗಾಡಿ ಓಡಿಸುವವರೇ ತಮ್ಮ ತಪ್ಪನ್ನು ತಾವೇ ತೂಗಬಾರದೆಂದು 1941ರಲ್ಲೇ ಆ ಹುದ್ದೆಯನ್ನು ಬೇರ್ಪಡಿಸಿದರು. ಅಪಘಾತವಾದೊಡನೆ ಕಂಡವರು ಬಂದು ಹೇಳಿಕೆ ಕೊಡಬಹುದು ಎಂದು ಪ್ರಕಟಣೆ ಹೊರಡಿಸುವ ಪದ್ಧತಿಯೂ ಇದೆ. ಹೇಳಿಕೆ ಪಡೆಯುವಾಗ ಬೇಕಾದ ಜನ, ತೀರ್ಮಾನ ತಿಳಿಸುವಾಗ ಬೇಡವೇ? ವರದಿ ಇಂಗ್ಲಿಷಿನಲ್ಲಿರುತ್ತದೆ, ಕಡತದಲ್ಲಿರುತ್ತದೆ. ಏಣಿ ತಂದವರ ಮನೆಯವರೆಗೆ ಅದು ನಡೆದು ಬರುವುದಿಲ್ಲ.

ಬೆಂಗಳೂರಿಗೆ ಈ ಮರೆವು ಹೊಸದಲ್ಲ. ನಾನು ಯುವತಿಯಾಗಿದ್ದಾಗ, 1988ರ ಜುಲೈ 8ರಂದು, ಬೆಂಗಳೂರಿನಿಂದ ಹೊರಟಿದ್ದ ಐಲೆಂಡ್ ಎಕ್ಸ್‌ಪ್ರೆಸ್ ಕೇರಳದ ಪೆರುಮಣ್‌ನಲ್ಲಿ ಸೇತುವೆಯಿಂದ ಅಷ್ಟಮುಡಿ ಸರೋವರಕ್ಕೆ ಬಿತ್ತು. 105 ಜನ ಸತ್ತರು. ಸುಂಟರಗಾಳಿ ಕಾರಣವೆಂದು ವಿಚಾರಣೆ ಹೇಳಿತು, ಅಲ್ಲಿನ ಜನ ಇಂದಿಗೂ ಅದನ್ನು ಒಪ್ಪುವುದಿಲ್ಲ. ಒಪ್ಪದಿದ್ದರೂ, ಆ ನೀರಿನ ದಡದಲ್ಲಿ ಒಂದು ಸ್ಮಾರಕವಿದೆ, ಜುಲೈ ಬಂದರೆ ಅಲ್ಲಿಗೆ ಹೂ ತರುವವರಿದ್ದಾರೆ. ಅದೇ ಗಾಡಿ ಹೊರಟ ನಮ್ಮ ನಗರದಲ್ಲಿ ಆ ದಿನಾಂಕ ಎಷ್ಟು ಜನರಿಗೆ ನೆನಪಿದೆ? 2012ರ ಮೇ 22ರ ನಸುಕಿನಲ್ಲಿ ಹುಬ್ಬಳ್ಳಿಯಿಂದ ಬೆಂಗಳೂರಿಗೆ ಬರುತ್ತಿದ್ದ ಹಂಪಿ ಎಕ್ಸ್‌ಪ್ರೆಸ್ ಪೆನುಕೊಂಡದಲ್ಲಿ ನಿಂತಿದ್ದ ಗೂಡ್ಸ್ ಗಾಡಿಗೆ ಬಡಿದು ಇಪ್ಪತ್ತಕ್ಕೂ ಹೆಚ್ಚು ಮಂದಿ ಹೋದರು. 2023ರ ಜೂನ್ 2ರಂದು ಒಡಿಶಾದ ಬಹನಾಗ ಬಜಾರ್‌ನಲ್ಲಿ, ಸಿಗ್ನಲ್ ವೈರಿಂಗಿನ ತಪ್ಪಿನಿಂದ ಲೂಪ್ ಲೈನಿಗೆ ನುಗ್ಗಿದ ಕೋರಮಂಡಲ್ ಎಕ್ಸ್‌ಪ್ರೆಸ್ಸಿನ ಬೋಗಿಗಳು ಪಕ್ಕದ ಹಳಿಯಲ್ಲಿ ಹೋಗುತ್ತಿದ್ದ ಹೌರಾ ಗಾಡಿಯ ಹಿಂಭಾಗಕ್ಕೆ ಬಡಿದವು. ಆ ಹೌರಾ ಗಾಡಿ ನಮ್ಮ ಬೈಯಪ್ಪನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್‌ನಿಂದ ಹಿಂದಿನ ದಿನ ಹೊರಟದ್ದು. ಆ ಅಪಘಾತಗಳೆಲ್ಲ ದೂರದಲ್ಲಾದವು, ಆದ್ದರಿಂದ ಅವು ನಮ್ಮವಲ್ಲ ಎಂದುಕೊಂಡೆವು. ಆದರೆ ಆನೇಕಲ್ಲಿನದು ನಗರದ ಸೆರಗಿನಲ್ಲೇ ಆದದ್ದು, ಇಲ್ಲಿಂದ ಹೊರಟ ಗಾಡಿಗೆ ಒಂದೂವರೆ ಗಂಟೆಯೊಳಗೆ ಆದದ್ದು. ಇದನ್ನು ದೂರದ್ದೆಂದು ಹೇಳಿ ಕೈ ತೊಳೆದುಕೊಳ್ಳುವಂತಿಲ್ಲ.

ಇಷ್ಟು ವರ್ಷ ಸುಮ್ಮನಿದ್ದು ಈಗೇಕೆ ಬರೆಯುತ್ತಿದ್ದೇನೆ ಎಂದರೆ, ನಿಲ್ದಾಣವೇ ಬದಲಾಗುವ ಕಾಲ ಬಂದಿದೆ. ಬೈಯಪ್ಪನಹಳ್ಳಿಯಿಂದ ಹೊಸೂರಿನವರೆಗಿನ 48 ಕಿ.ಮೀ. ಹಳಿಯನ್ನು ಜೋಡಿ ಮಾರ್ಗವಾಗಿಸುವ ಕೆಲಸವನ್ನು ರಾಜ್ಯ ಸರ್ಕಾರವೂ ರೈಲ್ವೆಯೂ ಸೇರಿ ಕಟ್ಟಿದ ಕೆ-ರೈಡ್ ಎಂಬ ಸಂಸ್ಥೆ ಕೈಗೆತ್ತಿಕೊಂಡಿದೆ. 2022ರ ಜೂನ್‌ನಲ್ಲಿ ಶಂಕುಸ್ಥಾಪನೆಯಾದ ಉಪನಗರ ರೈಲು ಯೋಜನೆಯ ನಾಲ್ಕು ಮಾರ್ಗಗಳಿಗೆ ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ ಎಂದು ಹೂವಿನ ಹೆಸರಿಟ್ಟಿದ್ದಾರೆ. ಒಟ್ಟು 148 ಕಿ.ಮೀ. ಅದರಲ್ಲಿ ಕನಕ ಮಾರ್ಗ ರಾಜಾನುಕುಂಟೆಯಿಂದ ಹೀಲಲಿಗೆಯವರೆಗೆ, ಅಂದರೆ ನಮ್ಮ ಹಿಂದಿನ ನಿಲ್ದಾಣದವರೆಗೆ ಬಂದು ನಿಲ್ಲುತ್ತದೆ. (ಮೂಟೆಗಟ್ಟಲೆ ಹೂವು ಹೊತ್ತ ಅಜ್ಜಿಯಂದಿರು ನಮ್ಮಲ್ಲೇ ಹೆಚ್ಚು, ಹೂವಿನ ಹೆಸರಿನ ರೈಲು ಮಾತ್ರ ಒಂದು ನಿಲ್ದಾಣ ಮೊದಲೇ ಮುಗಿಯುತ್ತದೆ. ಇರಲಿ.) ಎರಡನೆಯ ಹಳಿಯನ್ನು ನಾನು ಮನಸಾರೆ ಸ್ವಾಗತಿಸುತ್ತೇನೆ. ಕ್ರಾಸಿಂಗಿಗೆಂದು ಕಾದು ಕಾದು ಶಾಲೆಗೆ ತಡವಾಗಿ ಹೋಗಿ ಮುಖ್ಯೋಪಾಧ್ಯಾಯರ ಮುಂದೆ ತಲೆ ತಗ್ಗಿಸಿದವಳು ನಾನು. ಆದರೆ ಹಳೆಯ ಗೋಡೆ ಹೋಗುವಾಗ, ತಂತಿಯಲ್ಲಿ ತೂಗುತ್ತಿದ್ದ ಹಳಿಯ ತುಂಡು ಗುಜರಿಯ ರಾಶಿಗೆ ಬೀಳುವಾಗ, ಕೆಲಸ ಬಲ್ಲ ಹಳೆಯ ಕೀಮನ್‌ಗಳು ಒಬ್ಬೊಬ್ಬರಾಗಿ ತೀರಿಕೊಳ್ಳುವಾಗ, ಟೀ ಅಂಗಡಿಯ ಮೂರು ಪಕ್ಷಗಳು ಮಾತ್ರ ಉಳಿದುಕೊಳ್ಳುತ್ತವೆ. ಈಗ ಈ ನಿಲ್ದಾಣದಲ್ಲಿ ಗಾಡಿ ಹತ್ತುವ ಮಕ್ಕಳಲ್ಲಿ ಎಷ್ಟೋ ಜನ 2015ರ ಆಮೇಲೆ ಹುಟ್ಟಿದವರು. ಮೊನ್ನೆ ಒಬ್ಬ ಹುಡುಗ ನನಗೇ ಕಥೆ ಹೇಳಿದ: ಮುಂಚೆ ಇಲ್ಲೊಂದು ಗಾಡಿಯನ್ನು ದೆವ್ವ ಬೀಳಿಸಿತಂತೆ.

ನಾನು ಕೇಳುವ ಫಲಕಕ್ಕೆ ಗ್ರಾನೈಟ್ ಬೇಡ, ಉದ್ಘಾಟನೆ ಬೇಡ, ಗಣ್ಯರ ಹೆಸರು ಬೇಡ. ನಿಲ್ದಾಣದ ಹೆಸರು ಬರೆಯುವ ಹಳದಿ ಹಲಗೆಯಂಥದ್ದೇ ಸಾಕು. ಕನ್ನಡದಲ್ಲಿರಲಿ, ಅದರ ಕೆಳಗೆ ಮಲಯಾಳ, ತಮಿಳು ಇರಲಿ, ಏಕೆಂದರೆ ಆ ಗಾಡಿಯಲ್ಲಿ ಇದ್ದವರು ಬಹುಪಾಲು ಆ ಸೀಮೆಗಳಿಗೆ ಹೊರಟವರು, ಆಮೇಲೆ ನಿಮ್ಮ ನಿಯಮದ ಹಿಂದಿ, ಇಂಗ್ಲಿಷು. ಹಳೆಯ ಹಳಿಯ ತುಂಡು ಇನ್ನೂ ಗುಜರಿಗೆ ಹೋಗದಿದ್ದರೆ ಅದನ್ನು ಫಲಕದ ಪಕ್ಕದಲ್ಲಿ ಮೊದಲಿನಂತೆ ತೂಗುಹಾಕಿ. ಒಕ್ಕಣೆಯನ್ನು ನಾನೇ ಬರೆದು ಕೊಡುತ್ತಿದ್ದೇನೆ, ತಿದ್ದುವ ಹಕ್ಕು ನಿಮ್ಮದು:

'13-2-2015, ಶುಕ್ರವಾರ ಬೆಳಿಗ್ಗೆ, ಈ ನಿಲ್ದಾಣವನ್ನು ದಾಟಿದ ಬೆಂಗಳೂರು–ಎರ್ನಾಕುಲಂ ಇಂಟರ್‌ಸಿಟಿ ಎಕ್ಸ್‌ಪ್ರೆಸ್, ಹೊಸೂರು ಮುಟ್ಟುವ ಮೊದಲೇ ಹಳಿ ತಪ್ಪಿತು. ____ ಪ್ರಯಾಣಿಕರು ಮರಣ ಹೊಂದಿದರು, ____ ಪ್ರಯಾಣಿಕರು ಗಾಯಗೊಂಡರು. ಸುತ್ತಲ ಹಳ್ಳಿಗಳವರು ಮೊದಲು ಬಂದು ಕೈ ಹಚ್ಚಿದರು. ವಿಚಾರಣೆಯಲ್ಲಿ ಕಂಡುಬಂದ ಕಾರಣ: ____. ಆಮೇಲೆ ಈ ಮಾರ್ಗದಲ್ಲಿ ಮಾಡಲಾದ ಬದಲಾವಣೆ: ____.'

ನಾಲ್ಕು ಜಾಗಗಳನ್ನು ಖಾಲಿ ಬಿಟ್ಟಿದ್ದೇನೆ. ಅವನ್ನು ತುಂಬುವ ಕಡತ ನಿಮ್ಮಲ್ಲಿದೆ. ಸತ್ತವರ ಹೆಸರುಗಳನ್ನು ಅವರ ಮನೆಯವರ ಒಪ್ಪಿಗೆಯಿಲ್ಲದೆ ಬರೆಯಬೇಡಿ, ಒಪ್ಪಿದವರದನ್ನು ಬರೆಯಿರಿ. ನನ್ನ ಹಾಜರಿ ಪುಸ್ತಕದ ಹಾಳೆಯನ್ನು ಯಾರಿಗೂ ತೋರಿಸಿಲ್ಲ, ಇಲ್ಲಿಯೂ ಅದರ ಒಂದು ಹೆಸರನ್ನೂ ಬರೆದಿಲ್ಲ. ನಿಮ್ಮ ಪಟ್ಟಿಯನ್ನು ತಾಳೆ ನೋಡಲು ಅದು ಬೇಕಾದರೆ ಅಧಿಕೃತವಾಗಿ ಬಂದವರ ಎದುರಿಗೆ ತೆರೆದಿಡುತ್ತೇನೆ. ಕೆಂಪು ಶಾಯಿ ಮಾಸುತ್ತಿದೆ, ಮೇಲಿನ ಮೂರು ಸಾಲು ಈಗಾಗಲೇ ಬೆಳಕಿಗೆ ಹಿಡಿದರಷ್ಟೇ ಕಾಣುತ್ತವೆ. ಎಂಟು ಅಂಕಿಯ ಸಾಲು ಇನ್ನೂ ಚೆನ್ನಾಗಿದೆ. ಅದೊಂದನ್ನಾದರೂ ಮೊದಲು ನೋಡಿ.

ಇತಿ,
ಆನೇಕಲ್ ರೋಡ್ ನಿಲ್ದಾಣದ ಹಳೆಯ ಸೀಸನ್ ಟಿಕೆಟ್ ಪ್ರಯಾಣಿಕಳು